ಸೋರುವ ಮಾಳಿಗೆಯ ಚರಿತ್ರೆ

ನಮ್ಮ ಪುರವರದ ಸೀಮೆಯಲ್ಲಿ ಒಂದು ಕಾಲಕ್ಕೆ ಮನೆತನದ ಸ್ಥಿತಿಗತಿಯನ್ನು ಸೂರಿನಿಂದಲೇ ಅಳೆಯುತ್ತಿದ್ದರು. ಗುಡಿಸಲು, ಮಾಳಿಗೆ ಮನೆ, ಹೆಂಚಿನ ಮನೆ, ತಾರಸಿ ಮನೆ ಎಂಬ ನಾಲ್ಕು ಮಾತುಗಳಲ್ಲಿ ಊರಿನ ಆರ್ಥಿಕ ಚರಿತ್ರೆಯೆಲ್ಲ ಅಡಗಿತ್ತು. ಈ ನಾಲ್ಕಕ್ಕೂ ಸಮಾನವಾಗಿದ್ದ ಒಂದು ಗುಣವೆಂದರೆ, ಎಲ್ಲವೂ ಒಂದಲ್ಲ ಒಂದು ದಿನ ಸೋರುತ್ತಿದ್ದುವು! ಸೋರಿದಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರೆಂಬುದನ್ನು ಬರೆದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳು ಮಳೆನಾಡುಗಳಲ್ಲ. ಮಧುಗಿರಿಯ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಪಾವಗಡದಲ್ಲಿ ಇನ್ನೂ ಕಡಿಮೆ. ಅದರಲ್ಲಿಯೂ ಹೆಚ್ಚಿನ ಪಾಲು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಸುರಿಯುವಂಥದು. ಮಳೆ ಕಡಿಮೆಯಾದ್ದರಿಂದ ಇಳಿಜಾರು ಮಾಡಿನ ಅಗತ್ಯವಿರಲಿಲ್ಲ. ಬೇಸಗೆಯ ಉರಿ ತಡೆಯಲು ದಪ್ಪನೆಯ ಮಣ್ಣಿನ ಸೂರು ಬೇಕಾಗಿತ್ತು. ಧಾನ್ಯ, ಹುಣಸೆಹಣ್ಣು ಒಣಗಿಸಲು ಸಮತಟ್ಟಾದ ಜಾಗವೂ ಬೇಕಾಗಿತ್ತು. ಹೀಗಾಗಿ ಬಯಲುಸೀಮೆಗೆ ಮಾಳಿಗೆ ಮನೆಯೇ ಒಗ್ಗಿತು.

ಮಾಳಿಗೆಯ ರಚನೆ ಸರಳವಾದರೂ ಜಾಣತನದ್ದು. ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ದಬ್ಬೆ ಅಥವಾ ಸಣ್ಣ ಕಡ್ಡಿಗಳು. ಅದರ ಮೇಲೆ ಬಂದರೆ ಸೊಪ್ಪು, ಲಕ್ಕಿ ಸೊಪ್ಪು ಹಾಸುತ್ತಿದ್ದರು. ಸೊಪ್ಪು ಮಣ್ಣು ಉದುರದಂತೆ ತಡೆಯುತ್ತಿತ್ತು; ಹುಳುಹುಪ್ಪಟೆಗಳನ್ನೂ ದೂರವಿಡುತ್ತಿತ್ತು. ಸೊಪ್ಪಿನ ಮೇಲೆ ಕಲಸಿದ ಮಣ್ಣು ಹಾಕಿ ಕೊಡತಿಯಿಂದ ಬಡಿದು, ಎಲ್ಲಕ್ಕೂ ಮೇಲೆ ಚೌಳು ಮಣ್ಣನ್ನು ಹರಡುತ್ತಿದ್ದರು.

ಈ ಚೌಳು ಮಣ್ಣಿನ ಗುಟ್ಟನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಬೆಳೆ ಬಾರದ ಆ ಮಣ್ಣಿನಲ್ಲಿ ಸೋಡಿಯಂ ಲವಣಗಳು ಹೆಚ್ಚು. ಮಡಿವಾಳರು ಬಟ್ಟೆ ಒಗೆಯಲು ಒಯ್ಯುತ್ತಿದ್ದುದೂ ಅದನ್ನೇ. ನೀರು ಬಿದ್ದೊಡನೆ ಅದರ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿಕೊಂಡು ಮಣ್ಣಿನ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದೆ ದೋಣಿಯ ಕಡೆಗೆ ಹರಿದುಹೋಗುತ್ತದೆ. ಹೊಲದ ಶತ್ರುವಾದ ಮಣ್ಣು ಸೂರಿಗೆ ಮಿತ್ರನಾಯಿತು. ರಸಾಯನಶಾಸ್ತ್ರ ಓದದ ನಮ್ಮ ಅಜ್ಜಂದಿರಿಗೆ ಇದು ಅನುಭವದಿಂದ ದಕ್ಕಿದ ವಿದ್ಯೆ.

ಆದರೆ ಈ ವಿದ್ಯೆ ಪ್ರತಿವರ್ಷ ದುಡಿಮೆ ಕೇಳುತ್ತಿತ್ತು. ಯುಗಾದಿ ಕಳೆದು ರೋಹಿಣಿ ಮಳೆ ಬರುವುದರೊಳಗೆ ಮಾಳಿಗೆ ಹತ್ತಿ ಹುಲ್ಲು ಕೀಳಬೇಕು, ಇಲಿಯ ಬಿಲ ಮುಚ್ಚಬೇಕು, ಬಿರುಕಿಗೆ ಮಣ್ಣು ತುಂಬಿ ಬಡಿಯಬೇಕು, ಗವಾಕ್ಷಿಯ ಸುತ್ತ ಕಟ್ಟೆ ಸರಿಪಡಿಸಬೇಕು. ಬಹಳ ಮನೆಗಳಲ್ಲಿ ಚೌಳು ಮಣ್ಣು ಹೊತ್ತು ತರುತ್ತಿದ್ದವರು ಹೆಂಗಸರೇ. ಹಸ್ತ, ಚಿತ್ತೆ ಮಳೆ ಹಿಡಿದುಕೊಂಡಾಗ ಮಾತ್ರ ಯಾವ ಜಾಗ್ರತೆಯೂ ಸಾಲದೆ, ನಡುಮನೆಯಲ್ಲಿ ಬಿಂದಿಗೆ, ಬೋಗುಣಿಗಳನ್ನು ಸಾಲಾಗಿ ಇಡಬೇಕಾಗುತ್ತಿತ್ತು. ಶಿಶುನಾಳ ಷರೀಫರು (1819–1889) ಸೋರುವ ಮಾಳಿಗೆಯನ್ನು ಅಧ್ಯಾತ್ಮದ ರೂಪಕವಾಗಿ ಬಳಸಿದರಷ್ಟೆ. ಅವರ ಧಾರವಾಡ ಸೀಮೆಯಲ್ಲಿಯೂ ಮಣ್ಣಿನ ಮಾಳಿಗೆಯೇ ರೂಢಿ. ವರ್ಷವರ್ಷವೂ ಗಮನ ಕೊಡದಿದ್ದರೆ ಕೆಡುವಂಥದು ಮನೆಯೂ ಹೌದು, ಮನಸ್ಸೂ ಹೌದು ಎಂಬುದು ಅಂಥ ಮನೆಯಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅನುಕೂಲಸ್ಥರ ಕಟ್ಟಡಗಳಿಗೆ ಗಾರೆಯಿತ್ತು. ಶಿರಾದಲ್ಲಿ 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನನ ಗೋರಿಯೂ 1696ರ ಜುಮ್ಮಾ ಮಸೀದಿಯೂ ಇಂದಿಗೂ ನಿಂತಿರುವುದನ್ನು ನೀವು ನೋಡಿರುತ್ತೀರಿ. ಸುಣ್ಣದ ಗಾರೆಗೆ ಒಂದು ವಿಶೇಷ ಗುಣವಿದೆ: ಕೂದಲೆಳೆಯಂಥ ಬಿರುಕಿಗೆ ನೀರಿಳಿದಾಗ ಸುಣ್ಣ ಸ್ವಲ್ಪ ಕರಗಿ, ಮತ್ತೆ ಗಟ್ಟಿಯಾಗಿ ಆ ಬಿರುಕನ್ನು ತಾನೇ ಮುಚ್ಚಬಲ್ಲದು. ಮುಂದೆ ಮದರಾಸು ತಾರಸಿ ಬಂತು. ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಸುರಿದು, ಬೆಲ್ಲ ಹಾಗೂ ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ದಿನಗಟ್ಟಲೆ ಬಡಿಯುತ್ತಿದ್ದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದ ಹರಡಿದ ಮಂಗಳೂರು ಹೆಂಚು ನಮ್ಮ ಬಯಲುಸೀಮೆಗೂ ತಲುಪಿ, ಶಾಲೆಗಳನ್ನೂ ಕಛೇರಿಗಳನ್ನೂ ಹೊದಿಸಿತು. ಅದರ ದುರಸ್ತಿ ಸುಲಭ. ಒಡೆದ ಹೆಂಚು ತೆಗೆದು ಬೇರೊಂದನ್ನು ಸೇರಿಸಿದರಾಯಿತು. ಕೋತಿಗಳು ಬರುವ ಊರಿನಲ್ಲಿ ಮಾತ್ರ ಆ ಕೆಲಸಕ್ಕೆ ಕೊನೆಯಿಲ್ಲ.

1960ರ ದಶಕದಲ್ಲಿ ನಮ್ಮ ಜಿಲ್ಲೆಯ ಅಮ್ಮಸಂದ್ರದಲ್ಲಿಯೇ ಸಿಮೆಂಟು ತಯಾರಾಗತೊಡಗಿತು. ಕ್ರಮೇಣ ಆರ್‌ಸಿಸಿ ತಾರಸಿ ಪ್ರತಿಯೊಬ್ಬರ ಕನಸಾಯಿತು. ಇನ್ನು ಸೋರುವ ಚಿಂತೆಯಿಲ್ಲವೆಂದು ಜನ ನಂಬಿದರು. ಆದರೆ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವ ಕಾಂಕ್ರೀಟು ಸಹ ಬಿರಿಯುತ್ತದೆ. ಬಿರುಕಿನಿಂದಿಳಿದ ನೀರು ಕಬ್ಬಿಣದ ಸರಳನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಪದರ ಸಿಡಿದು ಉದುರುತ್ತದೆ. ಮಣ್ಣಿನ ಮಾಳಿಗೆಯ ರೋಗ ಸೋರುವಿಕೆಯಿಂದ ಮೊದಲ ದಿನವೇ ಗೊತ್ತಾಗುತ್ತಿತ್ತು. ಇಲ್ಲಿ ಅದು ವರ್ಷಾನುಗಟ್ಟಲೆ ಒಳಗೇ ಬೆಳೆಯುತ್ತದೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. 2022ರ ಮಳೆಗಾಲದಲ್ಲಿ ಜಯಮಂಗಲಿ ತುಂಬಿ ಹರಿದುದನ್ನು ನೀವು ಮರೆತಿರಲಾರಿರಿ. ಅಂಥ ಮಳೆಯಲ್ಲಿ ಮೊದಲು ಕುಸಿಯುವುದು ಆರೈಕೆ ತಪ್ಪಿದ ಹಳೆಯ ಮಾಳಿಗೆ ಮನೆಗಳು. ಮಕ್ಕಳೆಲ್ಲ ಬೆಂಗಳೂರು ಸೇರಿ, ಮನೆಯಲ್ಲಿ ಉಳಿದ ವೃದ್ಧರಿಗೆ ಮಾಳಿಗೆ ಹತ್ತಲು ಶಕ್ತಿಯಿಲ್ಲ. ಎರಡು ವರ್ಷ ಬಿಟ್ಟರೆ ಅರಳಿಯ ಸಸಿ ಬೇರು ಬಿಡುತ್ತದೆ. ಗೋಡೆಯ ತಲೆಗೆ ನೀರಿಳಿಯುತ್ತದೆ. ಒದ್ದೆಯಾದ ಮಣ್ಣಿನ ಗೋಡೆ ಭಾರ ತಾಳದು.

ಭಾರವೆಂದರೆ ಎಷ್ಟು? ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಾಳಿಗೆಯ ಮೇಲೆ ಒಂದೇ ಅಂಗುಲ ಮಣ್ಣು ಹಾಕಿದರೂ ಸುಮಾರು 400 ಕಿಲೋ ಆಗುತ್ತದೆ. ಆದ್ದರಿಂದ ಹಳೆಯ ಮಣ್ಣು ಕೆರೆದು ತೆಗೆಯದೆ ಹೊಸದನ್ನು ಹೇರಬಾರದು. ಮಣ್ಣಿನ ಮೇಲೆ ಸಿಮೆಂಟು ಬಳಿಯುವುದು ಇನ್ನೂ ಅಪಾಯ. ಬಿರುಕಿನಿಂದ ಇಳಿದ ನೀರು ಆರಲು ದಾರಿಯಿಲ್ಲದೆ ಜಂತೆಗಳು ಯಾರಿಗೂ ತಿಳಿಯದಂತೆ ಕೊಳೆಯುತ್ತವೆ. ಪ್ಲಾಸ್ಟಿಕ್ ಟಾರ್ಪಾಲು ಒಂದು ಮಳೆಗಾಲದ ಮಟ್ಟಿಗೆ ಸರಿ, ಅದು ಪರಿಹಾರವಲ್ಲ.

ಊರಿನಲ್ಲಿ ಹಳೆಯ ಮನೆಯಿರುವ ನನ್ನ ವಿದ್ಯಾರ್ಥಿಗಳೂ ಬಂಧುಗಳೂ ಈ ಬೇಸಗೆಯಲ್ಲಿ ಒಂದು ದಿನ ಬಿಡುವು ಮಾಡಿಕೊಳ್ಳಿರಿ. ಕೆಲಸ ಬಲ್ಲ ಹಿರಿಯರೊಬ್ಬರನ್ನು ಕೆಳಗೆ ಕುಳ್ಳಿರಿಸಿಕೊಂಡು, ಅವರು ಹೇಳಿದಂತೆ ಸೂರನ್ನು ನೋಡಿಕೊಳ್ಳಿರಿ. ತೊಲೆ ಬಾಗಿದ್ದರೆ, ಗೋಡೆ ಉಬ್ಬಿದ್ದರೆ ಮೇಲೆ ಹತ್ತದೆ, ಮೊದಲು ತಂದೆತಾಯಿಯರನ್ನು ಬೇರೆ ಕಡೆ ಮಲಗಿಸಿರಿ. ಮನೆಯನ್ನು ಮತ್ತೆ ಕಟ್ಟಬಹುದು.