ಓದುಗರೇ ಒಡೆಯರು ಎಂದ ವಡ್ಡರ್ಸೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಹಳ್ಳಿಗಳಿಂದ ಸುದ್ದಿ ಬರೆಯುವ ನಾವು ವಡ್ಡರ್ಸೆ ರಘುರಾಮ ಶೆಟ್ಟರನ್ನು ಕಂಡವರಲ್ಲ. ಆದರೂ ನಮ್ಮ ಕಸುಬಿಗೆ ಅವರೇ ಗುರು.

‘ಪ್ರಜಾವಾಣಿ’ಯ ಕೆಲಸ ಬಿಟ್ಟು ಬಂದ ಅವರು 1984ರಲ್ಲಿ ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆ ಆರಂಭಿಸಿದರು. ಓದುಗರಿಂದಲೇ ಷೇರು ಹಣ ಕೂಡಿಸಿ, ಓದುಗರೇ ಒಡೆಯರು ಎಂದರು. ಹೊಸಬರ ಕೈಗೆ ಪೆನ್ನು ಕೊಟ್ಟರು. ದಿನೇಶ್ ಅಮೀನ್ ಮಟ್ಟು ಅಲ್ಲಿಂದಲೇ ಪತ್ರಕರ್ತರಾದರು. ಪತ್ರಿಕೆ ಉಳಿಯಲಿಲ್ಲ, ಆ ಮಾತು ಉಳಿಯಿತು.

ಇಂದು ನಮಗೆ ಸಿಗುವುದು ಪುಡಿಗಾಸು. ಜೊತೆಗೆ ಜಾಹೀರಾತು ತರುವ ಒತ್ತಡ. ಜಾಹೀರಾತು ಕೊಟ್ಟ ಗುತ್ತಿಗೆದಾರರ ರಸ್ತೆ ಮೊದಲ ಮಳೆಗೇ ಕಿತ್ತುಹೋದರೆ ಬರೆಯುವುದೇ, ಬಿಡುವುದೇ? ಕೈ ತಡೆದಾಗ ನಮ್ಮ ಒಡೆಯರು ಯಾರೆಂದು ಕೇಳಿಕೊಳ್ಳುತ್ತೇವೆ. ಆ ರಸ್ತೆಯಲ್ಲಿ ದಿನಾ ಓಡಾಡುವವರು ನೀವು. ಬರೆಯುತ್ತೇವೆ.