ಚಾಲನ ಪರವಾನಿಗೆಯ ಎಲ್ಲೆ: ಬೆಂಗಳೂರಿನ ಒಂದು ನಿದರ್ಶನ

ಅರಸರ ಶಾಸನಗಳನ್ನೂ ಕಂದಾಯದ ಕಡತಗಳನ್ನೂ ಪರಿಶೀಲಿಸುವ ನಾವು ಮೋಟಾರು ನಡೆಸುವವನ ಪರವಾನಿಗೆಯನ್ನು ಚರಿತ್ರೆಯ ಆಧಾರವೆಂದು ಎಣಿಸುವುದು ವಿರಳ. ಆದರೆ ಒಂದು ಸರ್ಕಾರದ ಅಧಿಕಾರವು ಎಲ್ಲಿ ಮುಗಿದು ಇನ್ನೊಂದರದು ಎಲ್ಲಿ ತೊಡಗುತ್ತದೆಂಬುದನ್ನು ಸಾಮಾನ್ಯನ ನಿತ್ಯಜೀವನದಲ್ಲಿ ತೋರುವ ದಾಖಲೆಗಳಲ್ಲಿ ಅದೂ ಒಂದು. ಪರವಾನಿಗೆಯನ್ನು ಪ್ರದೇಶದಿಂದ ಪ್ರದೇಶಕ್ಕೆ ವರ್ಗಾಯಿಸುವ ಪ್ರಶ್ನೆಯನ್ನು ಈ ದೃಷ್ಟಿಯಿಂದ ವಿವೇಚಿಸೋಣ.

ಬೆಂಗಳೂರಿನ ಕುಮಾರ ಪಾರ್ಕ್, 1927ರಲ್ಲಿ ಗಾಂಧೀಜಿಯವರು ವಿಶ್ರಾಂತಿಗಾಗಿ ತಂಗಿದ್ದ ಭಾಗ, ಮೈಸೂರು ಸರ್ಕಾರದ ಆಡಳಿತಕ್ಕೆ ಒಳಪಟ್ಟಿತ್ತು. ಅದರ ಪೂರ್ವಕ್ಕೆ, ಹೆಚ್ಚು ದೂರವಿಲ್ಲದೆ, ಜನರು 'ದಂಡು' ಎಂದು ಕರೆಯುತ್ತಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಇತ್ತು. 1881ರಲ್ಲಿ ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಬ್ರಿಟಿಷ್ ಭಾರತಕ್ಕಾಗಿ ರಚಿತವಾದ 1914ರ ಮೋಟಾರು ವಾಹನ ಕಾಯಿದೆಯು ಸಂಸ್ಥಾನದಲ್ಲಿ ತಾನಾಗಿ ಅನ್ವಯಿಸುವಂತಿರಲಿಲ್ಲ. ಹೀಗೆ ಒಂದೇ ಊರಿನ ಬೀದಿಗಳ ಮೇಲೆ ಎರಡು ಶಾಸನಾಧಿಕಾರಗಳಿದ್ದವು. ಒಂದರ ಪರವಾನಿಗೆಗೆ ಇನ್ನೊಂದರಲ್ಲಿ ಬೆಲೆ ದೊರೆಯಬೇಕಾದರೆ ಆ ಸರ್ಕಾರದ ಮನ್ನಣೆ ಅಗತ್ಯವಾಗಿತ್ತು.

ಈ ದ್ವಂದ್ವವು ಹಂತಹಂತವಾಗಿ ಅಳಿಯಿತು. 1947ರಲ್ಲಿ ದಂಡು ಮೈಸೂರಿಗೆ ಮರಳಿತು; 1949ರಲ್ಲಿ ಎರಡು ಪುರಸಭೆಗಳು ಸೇರಿ ಒಂದೇ ಕಾರ್ಪೊರೇಷನ್ ಆಯಿತು; 1951ರಲ್ಲಿ ಕೇಂದ್ರದ ಅನೇಕ ಕಾಯಿದೆಗಳೊಡನೆ 1939ರ ಮೋಟಾರು ವಾಹನ ಕಾಯಿದೆಯೂ ಮೈಸೂರು, ಹೈದರಾಬಾದುಗಳಂಥ ರಾಜ್ಯಗಳಿಗೆ ವಿಸ್ತರಿಸಿತು.

1956ರ ನವೆಂಬರ್ 1ರಂದು ಬೇರೊಂದು ಬಗೆಯ ವರ್ಗಾವಣೆ ನಡೆಯಿತು. ಧಾರವಾಡದ ಚಾಲಕನು ಮುಂಬಯಿ ರಾಜ್ಯದಿಂದ, ಕಲಬುರ್ಗಿಯವನು ಹೈದರಾಬಾದಿನಿಂದ, ಮಂಗಳೂರಿನವನು ಮದರಾಸಿನಿಂದ ಮೈಸೂರಿಗೆ ಸೇರಿದರು. ಅವರು ಮನೆಯನ್ನು ಬಿಟ್ಟು ಕದಲಿರಲಿಲ್ಲ, ರಾಜ್ಯವೇ ಕದಲಿತ್ತು. ಅದೇ ದಿನ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿತು. ಅಲ್ಲಿನ ಕನ್ನಡಿಗ ಚಾಲಕನಿಗೆ, ನಿನ್ನೆಯವರೆಗೆ ಒಂದೇ ರಾಜ್ಯದಲ್ಲಿದ್ದ ಮಂಗಳೂರು ಇಂದು ಅನ್ಯ ರಾಜ್ಯವಾಯಿತು. ಪರವಾನಿಗೆಯು ರಾಜ್ಯದ ಗಡಿಗೆ ಕಟ್ಟುಬಿದ್ದಿದ್ದರೆ ಅವನ ಜೀವನೋಪಾಯಕ್ಕೇ ಕುಂದು ಬರುತ್ತಿತ್ತು.

ಈಗ ಜಾರಿಯಲ್ಲಿರುವ 1988ರ ಕಾಯಿದೆಯ 13ನೆಯ ಪ್ರಕರಣವು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಗೊಡುವುದಿಲ್ಲ: ಅದರಡಿ ಕೊಟ್ಟ ಪರವಾನಿಗೆ ಭಾರತದಾದ್ಯಂತ ಸಲ್ಲುತ್ತದೆ. ಕಾಸರಗೋಡಿನವನು ತಲಪಾಡಿಯನ್ನು ದಾಟಿ ಬಂದು ಕುಮಾರ ಪಾರ್ಕಿನಲ್ಲಿ ನೆಲೆಸಿದರೆ ಹೊಸದಾಗಿ ಅರ್ಹತೆಯನ್ನು ಸಂಪಾದಿಸಬೇಕಿಲ್ಲ. ಬದಲಾಗಬೇಕಾದುದು ದಾಖಲೆಯಲ್ಲಿನ ವಿಳಾಸ ಮಾತ್ರ. ವಾಹನದ ಸಂಗತಿ ಬೇರೆ. ಅದನ್ನು ಅನ್ಯ ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ 47ನೆಯ ಪ್ರಕರಣದಂತೆ ಆ ರಾಜ್ಯದ ನೋಂದಣಿ ಸಂಖ್ಯೆಯನ್ನು ಪಡೆಯಬೇಕು. ಈ ಭೇದಕ್ಕೆ ಕಾರಣವನ್ನು ಸಂವಿಧಾನದಲ್ಲಿ ಕಾಣುತ್ತೇವೆ. ಮೋಟಾರು ವಾಹನಗಳ ನಿಯಂತ್ರಣವು ಕೇಂದ್ರ, ರಾಜ್ಯಗಳೆರಡಕ್ಕೂ ಸೇರಿದ ಸಮವರ್ತಿ ಪಟ್ಟಿಯಲ್ಲಿದ್ದರೆ, ವಾಹನ ತೆರಿಗೆ ರಾಜ್ಯಪಟ್ಟಿಯಲ್ಲಿದೆ. ಕುಶಲತೆಯು ಮನುಷ್ಯನೊಡನೆ ಸಾಗುತ್ತದೆ, ತೆರಿಗೆಯು ನೆಲಕ್ಕೆ ಅಂಟಿಕೊಂಡಿರುತ್ತದೆ.

ಹಾಗಾದರೆ ವಿಳಾಸದ ದಾಖಲೆಯಾದರೂ ಏಕೆ ಬೇಕು? ಒಬ್ಬನು ಎರಡು ಪರವಾನಿಗೆಗಳನ್ನು ಹೊಂದುವುದನ್ನು 6ನೆಯ ಪ್ರಕರಣವು ನಿಷೇಧಿಸಿದೆ. ಒಂದು ರಾಜ್ಯದಲ್ಲಿ ಅನರ್ಹನಾದವನು ಇನ್ನೊಂದರಲ್ಲಿ ಹೊಸ ಪರವಾನಿಗೆ ಪಡೆದರೆ ದಾರಿಹೋಕರ ಪ್ರಾಣಕ್ಕೆ ಅಪಾಯ. ಕಚೇರಿಗಳ ಪುಸ್ತಕಗಳು ಬೇರೆಬೇರೆಯಾಗಿದ್ದಾಗ ಇದನ್ನು ತಡೆಯುವುದು ಕಷ್ಟವಾಗಿತ್ತು. 2019ರ ತಿದ್ದುಪಡಿಯು ಪರವಾನಿಗೆಗಳಿಗೆ ರಾಷ್ಟ್ರೀಯ ದಾಖಲೆಯೊಂದನ್ನು ವಿಧಿಸಿತು.

ಒಂದು ಊರಿನೊಳಗೇ ಎಲ್ಲೆಯನ್ನು ಕಾಣಬೇಕಾಗಿದ್ದ ಅನುಮತಿಪತ್ರವು ಹೀಗೆ ದೇಶದ ಉದ್ದಗಲಕ್ಕೂ ವ್ಯಾಪಿಸಿತು. ಪ್ರಭುತ್ವದ ಏಕೀಕರಣವನ್ನು ನಾವು ಒಪ್ಪಂದಗಳಲ್ಲಿಯೂ ನಕಾಶೆಗಳಲ್ಲಿಯೂ ಹುಡುಕುವುದು ವಾಡಿಕೆ. ಗಡಿಯ ಆಚೆಗೂ ಚಾಲಕನ ದುಡಿಮೆ ನಿಲ್ಲದಂತೆ ಕಾಯ್ದ ಈ ಸಣ್ಣ ಪತ್ರಕ್ಕೂ ಆ ಚರಿತ್ರೆಯಲ್ಲಿ ಸ್ಥಾನವಿರಬೇಕು.