ಹಾಡುವ ಮಗ, ಕೇಳುವ ಅಪ್ಪ: ಸಿದ್ಧಲಿಂಗಯ್ಯನವರ ‘ನನ್ನ ಜನಗಳು’ ಮತ್ತು ಬಡತನದ ತಲೆಮಾರುಗಳು

ಬೆಂಗಳೂರಿನ ರಾಜರಾಜೇಶ್ವರಿನಗರದಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿ ದಾಟಿ, ದೊಡ್ಡ ಆಲದ ಮರದ ಕಡೆಗೆ ಹೊರಳಿಕೊಂಡರೆ ದಾರಿ ಮಾಗಡಿ ತಾಲ್ಲೂಕಿನ ಮಂಚನಬೆಲೆಗೆ ಹೋಗುತ್ತದೆ. ಕವಿ ಸಿದ್ಧಲಿಂಗಯ್ಯ 1954ರಲ್ಲಿ ಹುಟ್ಟಿದ್ದು ಅಲ್ಲಿ. ರಾಜರಾಜೇಶ್ವರಿನಗರದ ಇನ್ನೊಂದು ಮಗ್ಗುಲಿಗೆ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯ ಅಂಚಿನಲ್ಲಿ, ಮಲ್ಲತ್ತಹಳ್ಳಿಯ ಕಲಾಗ್ರಾಮವಿದೆ. ಕೋವಿಡ್‌ನಿಂದ ತೀರಿಕೊಂಡ ಅವರ ಅಂತ್ಯಸಂಸ್ಕಾರ 2021ರ ಜೂನ್‌ನಲ್ಲಿ ನಡೆದದ್ದು ಇಲ್ಲಿ, ಜಿ.ಎಸ್. ಶಿವರುದ್ರಪ್ಪ, ಯು.ಆರ್. ಅನಂತಮೂರ್ತಿ ಅವರನ್ನು ನಾಡು ಬೀಳ್ಕೊಟ್ಟದ್ದೂ ಇದೇ ಆವರಣದಲ್ಲಿ. ಹುಟ್ಟಿದೂರಿಗೂ ಮಣ್ಣಾದ ಜಾಗಕ್ಕೂ ನಡುವೆ ಇರುವ ಈ ಪಟ್ಟಿಯಲ್ಲಿ ಕವಿಯ ಒಂದೇ ಆಯುಷ್ಯದೊಳಗೆ ಹೊಲಗಳು ಸೈಟುಗಳಾದವು. ಪಟ್ಟಣಗೆರೆ, ಹಲಗೇವಡೇರಹಳ್ಳಿ, ಕೆಂಚೇನಹಳ್ಳಿ, ಚನ್ನಸಂದ್ರಗಳು ಹಳ್ಳಿಯ ಹೆಸರನ್ನಷ್ಟೇ ಉಳಿಸಿಕೊಂಡು ಬಡಾವಣೆಯೊಳಗೆ ಸೇರಿದವು. 2007ರಲ್ಲಿ ಇಲ್ಲಿನ ನಗರಸಭೆ ಬೃಹತ್ ಬೆಂಗಳೂರಿನಲ್ಲಿ ಕರಗಿತು. ಸಿದ್ಧಲಿಂಗಯ್ಯನವರ ‘ನನ್ನ ಜನಗಳು’ ಎಂಬ ಹಾಡಿನಲ್ಲಿ ಬರುವವರು ಕಟ್ಟಿದ ಊರು ಇದು.

ಬಡತನವನ್ನು ಕುರಿತ ಈ ಹಾಡು ಐವತ್ತು ವರ್ಷಗಳಿಂದ ತಲೆಮಾರು ದಾಟಿ ಕೇಳುಗರನ್ನು ಮುಟ್ಟುತ್ತಿರುವುದು ಹೇಗೆ? ‘ಬಡತನ ಇನ್ನೂ ಇದೆ, ಆದ್ದರಿಂದ ಹಾಡೂ ಇದೆ’ ಎನ್ನುವುದು ಸುಲಭದ ಉತ್ತರ. ಬಡತನ ಉಳಿದಿದ್ದರೂ ಅದನ್ನು ಕುರಿತ ನೂರಾರು ಹಾಡುಗಳು ಸತ್ತುಹೋಗಿವೆ. ಬೆಲೆಯೇರಿಕೆಯ ಮೇಲೆ ಕಟ್ಟಿದ ಹಾಡು ಆ ಬೆಲೆಯೊಂದಿಗೇ ಹೋಯಿತು, ಚುನಾವಣೆಗೆಂದು ಕಟ್ಟಿದ್ದು ಚುನಾವಣೆಯೊಂದಿಗೆ. ಹಾಡಿನ ಬಾಳಿಕೆಗೆ ಕಾರಣವನ್ನು ಅದರ ಕಟ್ಟಡದಲ್ಲೇ ಹುಡುಕಬೇಕು. ನನ್ನ ವಾದ ಇಷ್ಟು: ಈ ಹಾಡು ಹುಟ್ಟಿದ ಗಳಿಗೆಯಲ್ಲೇ ಎರಡು ತಲೆಮಾರುಗಳ ನಡುವಿನ ಮಾತಾಗಿತ್ತು. ಅಕ್ಷರ ಕಲಿತ ಮಗ ಅಕ್ಷರ ಕಲಿಯದ ಅಪ್ಪ ಅವ್ವಂದಿರ ದುಡಿಮೆಯನ್ನು ಅವರೆದುರೇ ನಿಂತು ಒಪ್ಪಿಸುತ್ತಿದ್ದಾನೆ; ಒಪ್ಪಿಸುತ್ತಲೇ ಅವರನ್ನು ಸಣ್ಣಗೆ ಚುಚ್ಚುತ್ತಿದ್ದಾನೆ ಕೂಡ. ಮನೆತನದಲ್ಲಿ ಮೊದಲ ಬಾರಿಗೆ ಓದಿದವರು ಹುಟ್ಟುತ್ತಿರುವಷ್ಟು ಕಾಲವೂ ಹಾಡುವವನ ಜಾಗಕ್ಕೆ ಹೊಸಬರು ಬರುತ್ತಲೇ ಇರುತ್ತಾರೆ.

ಮೊದಲು ಕಟ್ಟಡವನ್ನು ನೋಡೋಣ. ‘ಹೊಲೆಮಾದಿಗರ ಹಾಡು’ (1975) ಪ್ರಕಟವಾದಾಗ ಕವಿಗೆ ಇಪ್ಪತ್ತೊಂದರ ಪ್ರಾಯ. ‘ನನ್ನ ಜನಗಳು’ ಆ ಹಂತದ ಹಾಡು. ಇದರಲ್ಲಿ ಕಥೆಯಿಲ್ಲ, ನಾಯಕನಿಲ್ಲ, ಬೇಡಿಕೆಯೂ ಇಲ್ಲ. ಇರುವುದು ಒಂದು ಪಟ್ಟಿ: ಹಸಿದವರು, ಕಲ್ಲು ಹೊತ್ತವರು, ಉತ್ತು ಬಿತ್ತಿದವರು, ಮಹಡಿ ಎಬ್ಬಿಸಿದವರು, ಬಡ್ಡಿ ಕಟ್ಟಿದವರು, ಚಿನ್ನ ಅಗೆದವರು, ಬಟ್ಟೆ ನೇಯ್ದವರು, ಉಳ್ಳವರ ಕಾಲಿಗೆ ಮೆಟ್ಟು ಹೊಲಿದವರು. ಬಡವ ಎಂದರೆ ಇಲ್ಲದವನು ಎಂಬ ರೂಢಿಯ ನೋಟವನ್ನು ಹಾಡು ಬದಿಗಿಡುತ್ತದೆ. ಬಡವ ಇಲ್ಲಿ ಮಾಡಿದವನು. ಇಲ್ಲದಿರುವಿಕೆ ಬರುವುದು ಆ ಮೇಲೆ, ಮಾಡಿದ ಕೆಲಸಕ್ಕೆ ಎದುರಾಗಿ: ಚಿನ್ನ ತೆಗೆದವನಿಗೆ ಅನ್ನವಿಲ್ಲ, ಬಟ್ಟೆ ನೇಯ್ದವನ ಮೈಮೇಲೆ ಬಟ್ಟೆಯಿಲ್ಲ. ಕರುಣೆ ಹುಟ್ಟಿಸಲು ಹೊರಟ ಹಾಡುಗಳು ಸೋಲುವುದು ಇಲ್ಲೇ. ಅವು ಬಡವನ ಖಾಲಿ ತಟ್ಟೆಯನ್ನು ತೋರಿಸುತ್ತವೆ, ಅವನ ಕೈಯನ್ನು ತೋರಿಸುವುದಿಲ್ಲ.

ಹನ್ನೆರಡನೆಯ ಶತಮಾನದ ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಶಿವಾಲಯ ಕಟ್ಟಿಸುವವರು ಉಳ್ಳವರು. ಬಡವನಿಗೆ ಉಳಿದದ್ದು ತನ್ನ ದೇಹವೇ ದೇಗುಲವೆಂಬ ಘನತೆ. ಕನ್ನಡದಲ್ಲಿ ಬಡತನದ ಮಾತಿಗೆ ಇದಕ್ಕಿಂತ ಎತ್ತರದ ನೆಲೆ ಬೇರೆ ಇಲ್ಲ, ನಿಜ. ಆದರೂ ಆ ವಚನದಲ್ಲಿ ದೇಗುಲದ ಕಲ್ಲನ್ನು ಬೆಟ್ಟದಿಂದ ಇಳಿಸಿದವನು ಯಾರೆಂಬ ಪ್ರಶ್ನೆ ಏಳುವುದಿಲ್ಲ, ಕಟ್ಟುವವನೆಂದರೆ ದುಡ್ಡು ಹಾಕಿದವನೇ. ಬೇಂದ್ರೆಯವರ ‘ಕುರುಡು ಕಾಂಚಾಣ’ದಲ್ಲಿ ಹಣವೇ ಕುಣಿಯುವ ಶಕ್ತಿ, ಬಡವರು ಅದರ ಕಾಲಡಿಯಲ್ಲಿದ್ದಾರೆ. ಮಂಚನಬೆಲೆಯ ಹುಡುಗ ಬಂದ ಮೇಲೆ ‘ಕಟ್ಟಿದವರು’ ಎಂಬ ಬಿರುದು ಕಲ್ಲು ಹೊತ್ತವನಿಗೆ ಸಂದಿತು. ಮಾಗಡಿ ಸೀಮೆಯ ಬಂಡೆಗಳ ನಡುವೆ ಬೆಳೆದವನಿಗೆ ಸೈಜುಗಲ್ಲಿನ ಭಾರ ಓದಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

ಇನ್ನು ಲಯ. ಹಾಡಿನ ನಡೆ ಬಹುಮಟ್ಟಿಗೆ ಮೂರು ಮಾತ್ರೆಯದು, ಎರಡೆರಡು ಕೂಡಿ ಆರರ ಗಣ. ಕೆಲಸವನ್ನು ಹೇಳುವ ಮೊದಲ ಗಣ ಆರು ಮಾತ್ರೆ ತುಂಬಿ ನಿಲ್ಲುತ್ತದೆ. ಮಾಡಿದವರನ್ನು ಹೇಳುವ, ‘ಓರು’ ಎಂದು ಮುಗಿಯುವ ಎರಡನೆಯದರಲ್ಲಿ ಹಲವು ಕಡೆ ಐದೇ ಮಾತ್ರೆ. ಉಳಿದ ಒಂದು ಮಾತ್ರೆಯಲ್ಲಿ ತಮಟೆಯ ಪೆಟ್ಟು ಬೀಳುತ್ತದೆ, ಇಲ್ಲವೇ ಗುಂಪು ಉಸಿರೆಳೆದುಕೊಳ್ಳುತ್ತದೆ. ಮೆರವಣಿಗೆಯಲ್ಲಿ ನಡೆಯುತ್ತ ಹಾಡುವವನಿಗೆ ಒಂದು ಮೂರಕ್ಕೆ ಎಡಗಾಲು, ಮುಂದಿನ ಮೂರಕ್ಕೆ ಬಲಗಾಲು. ಪಲ್ಲವಿ ಎರಡೇ ಪದ. ಸಾಲುಗಳು ಗೊತ್ತಿಲ್ಲದವನೂ ಪಲ್ಲವಿಗೆ ದನಿ ಕೂಡಿಸಬಲ್ಲ. ಅಕ್ಷರ ಬಾರದ ಕೇಳುಗ ಹಾಡಿನೊಳಗೆ ಬರುವ ಬಾಗಿಲು ಇದು. ಭಾಷೆ ಗ್ರಂಥದ್ದಲ್ಲ, ಬೆಂಗಳೂರು–ಮಾಗಡಿ ಸೀಮೆಯ ಆಡುಮಾತು. ವಿಮರ್ಶಕರು ಈ ಬಗೆಯ ಕವಿತೆಯನ್ನು ಘೋಷಣೆಯ ಕಾವ್ಯವೆಂದು ತಳ್ಳಿಹಾಕಿದ್ದುಂಟು. ಅವರು ಹಾಳೆಯ ಮೇಲೆ ಓದಿದರು. ಆ ಬಿಟ್ಟುಹೋದ ಮಾತ್ರೆ ಹಾಳೆಯ ಮೇಲೆ ಕಾಣುವುದಿಲ್ಲ.

ಈಗ ಹಾಡುವವನ ಜಾಗ. ಆತ್ಮಕಥೆ ‘ಊರುಕೇರಿ’ಯ ಆರಂಭದಲ್ಲೇ ಒಂದು ನೋಟವಿದೆ. ಬಾಲಕ ನೋಡುತ್ತಾನೆ: ಇಬ್ಬರ ಹೆಗಲ ಮೇಲೆ ನೊಗ, ಹಿಂದೊಬ್ಬ ನೇಗಿಲು ಹಿಡಿದು ಉಳುತ್ತಿದ್ದಾನೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬ ತನ್ನ ಅಪ್ಪ. ಆ ಪುಸ್ತಕದಲ್ಲಿ ಮುಂದೆ ನಗು ಸಾಕಷ್ಟಿದೆ. ದೊಡ್ಡಬಳ್ಳಾಪುರದ ನೇಕಾರ ಕುಟುಂಬದಿಂದ ಬಂದ ಗೆಳೆಯ ಡಿ.ಆರ್. ನಾಗರಾಜ್ ಅದಕ್ಕೆ ಬರೆದ ಹಿನ್ನುಡಿಯಲ್ಲಿ ಹಿಡಿದದ್ದೂ ಬಡವರ ನಗುವಿನ ಶಕ್ತಿಯನ್ನೇ. ಹಾಡಿನಲ್ಲಿ ಮಾತನಾಡುವವನು ನೊಗ ಹೊತ್ತವನಲ್ಲ, ಬದುವಿನ ಮೇಲೆ ನಿಂತು ನೋಡಿದ ಮಗ. ಅವನು ಆಮೇಲೆ ಶ್ರೀರಾಮಪುರದ ಕೇರಿಗೆ ಬಂದ, ಗೋಪಾಲಪುರದ ಹಾಸ್ಟೆಲ್‌ನಲ್ಲಿದ್ದು ಓದಿದ, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿ ಅಲ್ಲೇ ಕನ್ನಡ ಪ್ರಾಧ್ಯಾಪಕನಾದ. ಅಮೆರಿಕದ ಆರ್ಥಿಕ ಕುಸಿತದ ಕಾಲದಲ್ಲಿ, 1932ರಲ್ಲಿ, ಯಿಪ್ ಹಾರ್ಬರ್ಗ್ ಬರೆದು ಜೇ ಗೋರ್ನಿ ರಾಗ ಹಾಕಿದ ಪ್ರಸಿದ್ಧ ಹಾಡೊಂದನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ರೈಲುದಾರಿ ಹಾಕಿದವನು, ಗೋಪುರ ಎತ್ತಿದವನು, ಯುದ್ಧಕ್ಕೆ ಹೋಗಿ ಬಂದವನು ಈಗ ಬೀದಿಯಲ್ಲಿ ನಿಂತು ಚಿಲ್ಲರೆ ಕಾಸು ಕೇಳುತ್ತಾನೆ. ಪಟ್ಟಿ ಇದೆ, ಕಟ್ಟಿದ ಹೆಮ್ಮೆಯೂ ಇದೆ. ಆದರೆ ಅವನದು ಸ್ವಂತದ ಅಳಲು, ಒಂದು ಕಾಲದಲ್ಲಿ ಅವನಿಗೆ ನ್ಯಾಯ ಸಿಕ್ಕಿತ್ತೆಂಬ ನೆನಪು ಅದರ ಹಿಂದಿದೆ. ನಮ್ಮ ಹಾಡಿನ ಜನಕ್ಕೆ ಅಂಥ ಒಳ್ಳೆಯ ಕಾಲದ ನೆನಪಿಲ್ಲ. ಅವರು ಏನನ್ನೂ ಕೇಳುವುದಿಲ್ಲ. ಅವರ ಪರವಾಗಿ ಮಾತಾಡುವವನು ಬೇರೊಬ್ಬ, ಅವರ ಹೊಟ್ಟೆಯಲ್ಲೇ ಹುಟ್ಟಿದವನು.

ಪಟ್ಟಿಯ ನಡುವೆ ಮತ್ತು ಕೊನೆಯಲ್ಲಿ ಸಿದ್ಧಲಿಂಗಯ್ಯ ಮಾಡುವ ಇನ್ನೊಂದು ಕೆಲಸದ ಬಗ್ಗೆ ಚರ್ಚೆ ಕಡಿಮೆ. ಕಾಲು ಹಿಡಿಯುವವರು, ಸದ್ದಿಲ್ಲದೆ ಇರುವವರು, ಒಳಗೊಳಗೇ ಅಳುವವರು, ಹೇಳಿದ್ದನ್ನು ಕೇಳುವವರು ಎಂದು ಅವರು ತಮ್ಮವರ ವಿಧೇಯತೆಯನ್ನೂ ಎಣಿಸುತ್ತಾರೆ. ಭಾಷಣಗಳಿಗೆ ಬಲಿಯಾದದ್ದನ್ನೂ ಬಿಡುವುದಿಲ್ಲ. ಇದು ಹೊಗಳಿಕೆಯಲ್ಲ. ಮನೆಯ ಮಗ ಮಾತ್ರ ಹಾಕಬಹುದಾದ ಚುಚ್ಚು. ಹೊರಗಿನವನು ಇದನ್ನೇ ಹೇಳಿದ್ದರೆ ಅವಮಾನವಾಗುತ್ತಿತ್ತು. ಹೀಗೆ ಹಾಡಿಗೆ ಎರಡು ಮುಖ. ಹಿರಿಯ ಕೇಳುಗ ತನ್ನ ದುಡಿಮೆ ಯಾರದೋ ಲೆಕ್ಕಕ್ಕೆ ಬಂದಿತೆಂಬ ಸಮಾಧಾನವನ್ನು ಒಯ್ಯುತ್ತಾನೆ. ಕಿರಿಯ ಕೇಳುಗನಿಗೆ ತಗಲುವುದು ಚುಚ್ಚು: ಇವರು ಯಾಕೆ ಇಷ್ಟು ಸಹಿಸಿದರು? ಇಬ್ಬರೂ ಒಂದೇ ಹಾಡಿಗೆ ಕಣ್ಣೊದ್ದೆ ಮಾಡಿಕೊಳ್ಳಬಹುದು, ಕಾರಣ ಮಾತ್ರ ಬೇರೆ.

ಮೊದಲ ಹಾಡುಗಾರಿಕೆಯ ಸನ್ನಿವೇಶವೇ ಈ ಜೋಡಿಯನ್ನು ಎದುರುಬದುರು ಕೂರಿಸಿತ್ತು. 1973ರ ನವೆಂಬರ್‌ನಲ್ಲಿ ಕನ್ನಡ ಸಾಹಿತ್ಯ ಬೂಸಾ ಎಂಬ ಸಚಿವ ಬಿ. ಬಸವಲಿಂಗಪ್ಪನವರ ಹೇಳಿಕೆಯ ಗದ್ದಲ, ಅದರ ಬೆನ್ನಿಗೆ ಬಿ. ಕೃಷ್ಣಪ್ಪ, ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಮುಂತಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿ. ಆ ಚಳವಳಿಗೆ ಕಾಲಾಳುಗಳು ಬಂದದ್ದು ಹಾಸ್ಟೆಲ್‌ಗಳಿಂದ. ಹಾಸ್ಟೆಲ್ ಹುಡುಗರು ಕೇರಿಗಳಿಗೆ ಹೋಗಿ ಹಾಡಿದರು. ಜಗಲಿಯ ಮೇಲೆ ಕೂತು ಕೇಳಿದವರು ಅವರ ಅಪ್ಪಂದಿರ ವಾರಿಗೆಯವರು. ಜನಾರ್ದನ್ (ಜನ್ನಿ), ಪಿಚ್ಚಳ್ಳಿ ಶ್ರೀನಿವಾಸ್ ಅವರಂಥ ಗಾಯಕರು ಹೋರಾಟದ ಹಾಡುಗಳನ್ನು ವೇದಿಕೆಗೂ ತಂದರು. ಅಲ್ಲಿಂದ ಕ್ಯಾಸೆಟ್ಟು, ತರಗತಿ, ಈಗ ಮೊಬೈಲು. ಮಾಧ್ಯಮ ಬದಲಾದಾಗ ಒಂದು ನಷ್ಟ ಖಂಡಿತ ಆಯಿತು: ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಒಬ್ಬನೇ ಕೇಳುವಾಗ ಎದುರಿಗೆ ಅಪ್ಪ ಇರುವುದಿಲ್ಲ.

ಪಟ್ಟಿಯ ಯಾವ ನಮೂದು ಹಳತಾಯಿತು, ಯಾವುದು ಆಗಲಿಲ್ಲ ಎಂದು ನೋಡುವುದು ಉಪಯುಕ್ತ. ಹಾಡು ಹುಟ್ಟಿದ ಕಾಲದಲ್ಲಿ ಜೀತ ಬರಿಯ ನೆನಪಾಗಿರಲಿಲ್ಲ. ಅದನ್ನು ರದ್ದುಮಾಡಿದ ಕೇಂದ್ರದ ಕಾಯಿದೆ 1976ರದು. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ ಕೊನೆಯಲ್ಲಿ ಮುಚ್ಚಿತು. ಗಣಿಗೆ ಇಳಿಯುತ್ತಿದ್ದವರ ಮಕ್ಕಳು ಈಗ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಮರಳುತ್ತಾರೆ. ಚಿನ್ನದ ನಮೂದು ಅವರ ಮಟ್ಟಿಗೆ ತಾತನ ವಿಳಾಸವಾಗಿ ಉಳಿದಿದೆ. 2013ರ ಅನ್ನಭಾಗ್ಯದ ನಂತರ ಬೆಳೆದ ಹುಡುಗರಿಗೆ ಹಸಿವಿನ ಸಾವು ಕೇಳಿದ ಕಥೆ. ಬಡ್ಡಿಯ ನಮೂದು ಮಾತ್ರ ಒಂದಿಷ್ಟೂ ಮಾಸಿಲ್ಲ. ದೇವರಾಜ ಅರಸರ ಸರ್ಕಾರ 1976ರಲ್ಲಿ ಋಣ ಪರಿಹಾರದ ಕಾಯಿದೆ ತಂದಿತು. ಸುಮಾರು ಅರ್ಧ ಶತಮಾನದ ಬಳಿಕ, 2025ರ ಫೆಬ್ರವರಿಯಲ್ಲಿ, ಮೈಕ್ರೊಫೈನಾನ್ಸ್ ವಸೂಲಿಗಾರರ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಸಾಹುಕಾರನ ಜಾಗಕ್ಕೆ ವಾರದ ಕಂತಿನ ಪುಸ್ತಕ ಬಂದಿದೆ.

ಕಲ್ಲು ಹೊತ್ತವರ ನಮೂದನ್ನಂತೂ ರಾಜರಾಜೇಶ್ವರಿನಗರದಲ್ಲಿ ಬೀದಿಯಲ್ಲೇ ಓದಬಹುದು. ಬಿಇಎಂಎಲ್ ಬಡಾವಣೆ, ಐಡಿಯಲ್ ಹೋಮ್ಸ್‌ನ ಹಳೆಯ ಮನೆಗಳು ಸೈಜುಗಲ್ಲಿನ ಬುನಾದಿಯ ಮೇಲೆ ಎದ್ದವು. ಈಗ ಅವನ್ನು ಕೆಡವಿ ಕಾಂಕ್ರೀಟ್ ಕಂಬಗಳ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಕಲ್ಲು ಹೊತ್ತವರು ಆಗ ಸುತ್ತಲಿನ ಹಳ್ಳಿಗಳವರು, ತಮಿಳುನಾಡಿನವರು. ಈಗ ರಾಯಚೂರು, ಯಾದಗಿರಿ ಕಡೆಯವರು, ಒಡಿಶಾ, ಬಿಹಾರದವರು. ಅವರ ತಗಡಿನ ಶೆಡ್ಡು ಕಟ್ಟಡ ಮುಗಿಯುವ ತನಕ ಪಕ್ಕದ ಖಾಲಿ ಸೈಟಿನಲ್ಲಿರುತ್ತದೆ, ಮುಗಿದ ಮರುದಿನ ಕಾಣೆ. ಕವಿ ತೀರಿಕೊಂಡ ಎರಡೇ ತಿಂಗಳಿಗೆ, 2021ರ ಆಗಸ್ಟ್‌ನಲ್ಲಿ, ಮೆಟ್ರೊ ಕೆಂಗೇರಿಯವರೆಗೆ ಬಂತು. ರಾಜರಾಜೇಶ್ವರಿನಗರಕ್ಕೆ ಒಂದು ನಿಲ್ದಾಣ, ಜ್ಞಾನಭಾರತಿಗೆ ಒಂದು. ಉದ್ಘಾಟನೆಯ ಫಲಕಗಳಲ್ಲಿ ಯಾರ ಹೆಸರಿರುತ್ತದೆಂದು ಹೇಳಬೇಕಾಗಿಲ್ಲ. ಬಸವಣ್ಣನವರ ಕಾಲದಿಂದಲೂ ಅದೇ ವಾಡಿಕೆ.

ಕೇಳುಗರು ಬಡವರಷ್ಟೇ ಎಂದು ಭಾವಿಸಬಾರದು. ಪಟ್ಟಣಗೆರೆಯ ಗ್ಲೋಬಲ್ ವಿಲೇಜ್‌ನ ಕಂಪನಿಗಳಲ್ಲಿ ದುಡಿಯುವವನಿಗೂ ಎರಡು ತಲೆಮಾರು ಹಿಂದೆ ಹೋದರೆ ಈ ಪಟ್ಟಿಯಲ್ಲಿ ಒಬ್ಬರು ಸಿಗಬಹುದು. ಹಾಡಿನಲ್ಲಿ ಕಸುಬುಗಳಿವೆ, ಜಾತಿಯ ಹೆಸರುಗಳಿಲ್ಲ; ಅದರ ವ್ಯಾಪ್ತಿಗೆ ಇದು ಕಾರಣ, ಅಪಾಯಕ್ಕೂ ಇದೇ ಕಾರಣ. ವಾದ್ಯಗೋಷ್ಠಿಯೊಂದಿಗೆ ಹಿತವಾಗಿ ಹಾಡಿದಾಗ ಅದು ಎಲ್ಲರ ಹಿರಿಯರ ಕಷ್ಟದ ಹಾಡಾಗಿಬಿಡುತ್ತದೆ. ಪರಮಾನ್ನ ಉಣ್ಣುವವರ ಮೆಟ್ಟು ಹೊಲಿದವರ ಪ್ರಸ್ತಾಪ ಬಂದಾಗ ಮಾತ್ರ ಎಲ್ಲರ ಹಿರಿಯರೂ ಒಂದೇ ಬದಿಗಿರಲಿಲ್ಲ ಎಂಬುದು ಹೊಳೆಯಬೇಕು. ಹೊಳೆಯದಿದ್ದರೆ ಅದು ರಾಗ ಸಂಯೋಜಕನ ಗೆಲುವು, ಕವಿಯ ಸೋಲು. ಸಿಟ್ಟಿನ ಪ್ರಶ್ನೆಯನ್ನು ಸಿದ್ಧಲಿಂಗಯ್ಯ ಇನ್ನೊಂದು ಹಾಡಿಗೆ, ‘ನಲವತ್ತೇಳರ ಸ್ವಾತಂತ್ರ್ಯ’ಕ್ಕೆ ಒಪ್ಪಿಸಿದ್ದಾರೆ. ಅದು ಅಧಿಕಾರದ ಕಡೆ ಮುಖ ಮಾಡಿ ನಿಂತದ್ದು. ‘ನನ್ನ ಜನಗಳು’ ಮನೆಯ ಕಡೆ ಮುಖ ಮಾಡಿದೆ. ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಮಾತ್ರ ಕವಿಯ ಪೂರ್ತಿ ಲೆಕ್ಕ ಸಿಗುತ್ತದೆ.

ಹಾಡಿನ ಚುಚ್ಚಿಗೆ ಉತ್ತರ ಬಂದ ಒಂದು ಸಂದರ್ಭವನ್ನು ಇಲ್ಲಿ ದಾಖಲಿಸಬೇಕು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ ಹಣ ಹಿಂಪಡೆಯುವುದಕ್ಕೆ ಕಟ್ಟು ಹಾಕಿತು. ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಂಗಸರು, ಯಾವ ದೊಡ್ಡ ನಾಯಕರ ಕರೆಗೂ ಕಾಯದೆ, ಬೀದಿಗೆ ಬಂದು ಹೆದ್ದಾರಿಗಳಲ್ಲಿ ಕೂತರು. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಇವರು ಹಾಡಿನ ಬಟ್ಟೆ ನೇಯುವವರ ನೇರ ವಾರಸುದಾರರು, ಮೈಸೂರು ರಸ್ತೆಯ ಉದ್ದಕ್ಕೂ ಬೆಳಗ್ಗೆ ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುವವರು. ಹೇಳಿದ್ದನ್ನು ಕೇಳುವವರು ಎಂಬ ಹಾಡಿನ ಮಾತು ಆ ಎರಡು ದಿನ ಅವರಿಗೆ ಒಪ್ಪಲಿಲ್ಲ. ಅವರಲ್ಲಿ ಅನೇಕರ ಮಕ್ಕಳು ಈಗ ಕಾಲೇಜು, ಹಾಸ್ಟೆಲ್‌ಗಳಲ್ಲಿ ಓದುವ ವಯಸ್ಸಿನವರು. ಹಾಡುವವರ ಜಾಗಕ್ಕೆ ಬಂದವರು. ಹಾಡಿನ ಆ ಭಾಗ ಬಂದಾಗ ಅವರು ದನಿ ತಗ್ಗಿಸುತ್ತಾರೋ, ನಗುತ್ತಾರೋ, ಹೊಸ ಸಾಲು ಸೇರಿಸುತ್ತಾರೋ ಎಂಬುದನ್ನು ಅಚ್ಚಿನ ಪಠ್ಯದಿಂದಾಚೆಗೆ, ಹಾಡುವ ಬಾಯಿಗಳಿಂದಲೇ ಸಂಗ್ರಹಿಸಬೇಕು. ಆ ಕೆಲಸಕ್ಕೆ ಕವಿ ಪಾಠ ಹೇಳಿದ ಜ್ಞಾನಭಾರತಿಯ ಹಾಸ್ಟೆಲ್‌ಗಳೇ ಮೊದಲ ಕ್ಷೇತ್ರವಾಗಬಹುದು.